ವ್ಯಾನಿಗೆ ಬ್ಯಾಟರಿ ಎಸಿ: ಬ್ಯಾಟರಿಗೆ ಬೈಯುವ ಮೊದಲು ವೈರು ನೋಡಿ

ಏಪ್ರಿಲ್‌ನಲ್ಲಿ ಕಾರವಾರದ ಕಡಲ ಬದಿ ವ್ಯಾನು ನಿಲ್ಲಿಸಿ ಒಂದು ರಾತ್ರಿ ಮಲಗಿದವರಿಗೆ ಸೆಖೆ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಥರ್ಮಾಮೀಟರ್ 29 ಅಂತಷ್ಟೇ ತೋರಿಸುತ್ತಿರುತ್ತದೆ, ಇತ್ತ ಅಂಗಿ ಹಿಂಡಿದರೆ ನೀರು. ಕಿಟಕಿ ತೆಗೆದರೆ ಸೊಳ್ಳೆ, ಹಾಕಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ನನ್ನ ಪರಿಚಯದಲ್ಲೇ ನಾಲ್ಕು ಜನ ವ್ಯಾನಿಗೆ ಬ್ಯಾಟರಿ ಎಸಿ ಹಾಕಿದರು. ಮೂವರು ಕೆಡಿಸಿಕೊಂಡರು. ಮೂವರೂ ಕೆಡಿಸಿದ್ದು ಒಂದೇ ಜಾಗದಲ್ಲಿ.

ಮೂವರಲ್ಲಿ ಒಬ್ಬ ನನ್ನ ಅಕ್ಕನ ಮಗ, ಶಿರಸಿಯವನು. ಕುಮಟಾ ಹತ್ತಿರ ಗಾಡಿ ನಿಲ್ಲಿಸಿ ಮಲಗಿದವನು ರಾತ್ರಿ ಎರಡಕ್ಕೆ ಫೋನ್ ಮಾಡಿದ. ‘ಮಾವ, ಹೊಸ ಬ್ಯಾಟರಿ ಹೋತು.’ ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇತ್ತು. ತೊಂದರೆ ಇದ್ದದ್ದು ಬ್ಯಾಟರಿಯಿಂದ ಎಸಿಗೆ ಹೋಗುವ ಮೂರು ಮೀಟರ್ ವೈರಿನಲ್ಲಿ. ಆ ವೈರಿನ ಬಗ್ಗೆ ಕೆಳಗೆ ಉದ್ದಕ್ಕೆ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ. ಉಳಿದ ಹೆಜ್ಜೆಗಳು ಸುಲಭ.

ಮೊದಲು: ಎಸಿ ಬೇಕಾ ಅಂತ ಕೇಳಿಕೊಳ್ಳಿ

ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ ಹೋಗಿ ಮಲಗುವವರಿಗೆ ಖಂಡಿತ ಬೇಡ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ರಾತ್ರಿ ಹೊದಿಕೆ ಹುಡುಕುತ್ತೀರಿ. ಬೇಕಾಗುವುದು ಮಾಜಾಳಿಯಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಅದೂ ಮಾರ್ಚ್‌ನಿಂದ ಮಳೆ ಹಿಡಿಯುವ ತನಕ.

ಆನ್‌ಲೈನ್‌ನಲ್ಲಿ ‘ಮಿನಿ ಎಸಿ’ ಅಂತ ಸಾವಿರ ಎರಡು ಸಾವಿರಕ್ಕೆ ಸಿಗುವ ಡಬ್ಬಿಗಳನ್ನು ದಯವಿಟ್ಟು ಕೊಳ್ಳಬೇಡಿ. ಅದರೊಳಗೆ ಇರುವುದು ಒಂದು ಫ್ಯಾನು, ಒಂದು ಒದ್ದೆ ಸ್ಪಂಜು. ನೀರು ಆರಿದರೆ ತಾನೇ ತಂಪು? ಬಟ್ಟೆಯೇ ಒಣಗದ ನಮ್ಮ ಕರಾವಳಿಯ ಗಾಳಿಯಲ್ಲಿ ಸ್ಪಂಜು ಎಲ್ಲಿಂದ ಒಣಗಬೇಕು? ವಿಜಯಪುರ, ಕಲಬುರ್ಗಿ ಕಡೆ ಕೂಲರ್ ನಡೆಯುತ್ತದೆ, ಇಲ್ಲಿ ಅದು ಸೆಖೆಗೆ ಇನ್ನಷ್ಟು ಸೆಖೆ ಸೇರಿಸುತ್ತದೆ.

ಎರಡನೆಯದು: ಬಿಸಿಲು ಒಳಗೆ ಬಿಡಬೇಡಿ

ತಗಡಿನ ಒಳಮೈಗೆ 19 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಫೋಮ್ ಅಂಟಿಸಿ. ಗಾಜುಗಳಿಗೆ ಹೊರಗಿನಿಂದ ಬೆಳ್ಳಿ ಹಾಳೆಯ ಮುಚ್ಚಳ ಹಾಕಿ. ಒಳಗಿನಿಂದ ಹಾಕಿದರೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ, ಮತ್ತೆ ಹೊರಗೆ ಹೋಗುವುದು ಕಷ್ಟ. ತಲೆ ಮೇಲಿನ ತಗಡಿಗೆ ಬಿಳಿ ಬಣ್ಣ. ಥರ್ಮೋಕೋಲ್ ಬೇಡ. ಅದು ಗಾಡಿ ಕುಲುಕಾಟಕ್ಕೆ ಪುಡಿಯಾಗುತ್ತದೆ, ಸಂದಿಯಲ್ಲಿ ನೀರು ಕೂತು ತಗಡು ತುಕ್ಕು ಹಿಡಿಯುತ್ತದೆ. ಬೆಂಕಿ ಬೇರೆ ಬೇಗ ಹಿಡಿಯುತ್ತದೆ.

ಎರಡು ಮೂರು ದಿನ ಒಂದೇ ಕಡೆ ನಿಲ್ಲುವುದಾದರೆ ತೆಂಗಿನ ಮಡಲಿನ ತಟ್ಟಿ ನಾಲ್ಕು ತಂದು ಗಾಡಿಯ ಪಡುವಣ ಬದಿಗೆ ಆನಿಸಿಡಿ. ಯಾವ ಫೋಮೂ ಅದರ ಹತ್ತಿರ ಬರುವುದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ, ಗಾಳಿಮರದ ನೆರಳು ಹುಡುಕಿ. ಯಾಕೆ ಅಂತ ಹೇಳಬೇಕಾ?

ಮೂರನೆಯದು: ಲೆಕ್ಕ

ಮನೆಯ ಒಂದು ಟನ್ ಎಸಿ ಅಂದರೆ ಗಂಟೆಗೆ 12,000 ಬಿಟಿಯು (ಬಿಟಿಯು ಅಂದರೆ ಶಾಖದ ಒಂದು ಅಳತೆ) ಹೊರಹಾಕುವಂಥದ್ದು. ಫೋಮ್ ಹಾಕಿದ ಚಿಕ್ಕ ವ್ಯಾನಿಗೆ ಅದರ ಅರ್ಧ ಸಾಕು. ನೇರ ಬ್ಯಾಟರಿಯಿಂದಲೇ ಓಡುವ 12 ಅಥವಾ 24 ವೋಲ್ಟಿನ ಎಸಿಯನ್ನೇ ತೆಗೆದುಕೊಳ್ಳಿ, ಲಾರಿಯವರು ‘ಪಾರ್ಕಿಂಗ್ ಎಸಿ’ ಅನ್ನುವುದು ಇದಕ್ಕೇ. ಮನೆಯ ಹಳೇ ಕಿಟಕಿ ಎಸಿ ತಂದು ಯುಪಿಎಸ್‌ಗೆ ಕಟ್ಟುವ ಉಪಾಯ ಮಾಡಬೇಡಿ. ಕಂಪ್ರೆಸರ್ ಶುರುವಾಗುವ ಆ ಒಂದು ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಯುಪಿಎಸ್ ಕುಂಯ್ ಅಂದು ಕೂರುತ್ತದೆ.

ಚಿಕ್ಕ ಎಸಿ ಮೊದಲ ಒಂದು ಗಂಟೆ 600 ವಾಟ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ಒಳಗೆ ತಂಪಾದ ಮೇಲೆ ಇನ್ವರ್ಟರ್ ಕಂಪ್ರೆಸರ್ ತಾನೇ ನಿಧಾನವಾಗಿ 300ರ ಆಸುಪಾಸಿಗೆ ಇಳಿಯುತ್ತದೆ. ಎಂಟು ಗಂಟೆಗೆ ಹತ್ತಿರ ಹತ್ತಿರ 2.7 ಯೂನಿಟ್. 280 ಆಂಪ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 12.8 ವೋಲ್ಟಿನ ಲೆಕ್ಕಕ್ಕೆ ಸುಮಾರು 3.6 ಯೂನಿಟ್ ಇರುತ್ತದೆ. ಒಂದು ರಾತ್ರಿ ಕಳೆದು ಬೆಳಿಗ್ಗೆಗೂ ಸ್ವಲ್ಪ ಉಳಿಯುತ್ತದೆ. ಮನೆ ಇನ್ವರ್ಟರಿನ 150 ಆಂಪ್ ಅವರ್ ಆಸಿಡ್ ಬ್ಯಾಟರಿಯ ಲೇಬಲ್ಲಿನ ಪ್ರಕಾರ 1.8 ಯೂನಿಟ್ ಇದ್ದರೂ ಬಾಳಿಕೆ ಬೇಕಾದರೆ ಅರ್ಧವೇ ಬಳಸಬೇಕು. ಅಂದರೆ ಹತ್ತಕ್ಕೆ ಎಸಿ ಹಾಕಿದರೆ ಹನ್ನೆರಡಕ್ಕೆಲ್ಲ ಕೆಳಗಿಳಿದು ಬೀಸಣಿಗೆ ಹುಡುಕುವ ಕೆಲಸ.

ನಮ್ಮ ಕಡೆ ಎಸಿಯ ಅರ್ಧ ಕೆಲಸ ಗಾಳಿಯಿಂದ ನೀರು ಹಿಂಡುವುದೇ. ಒಂದು ಲೀಟರ್ ನೀರು ಹಿಂಡಲು ಸುಮಾರು 0.68 ಯೂನಿಟ್‌ನಷ್ಟು ಶಾಖ ತೆಗೆಯಬೇಕು. ಆದ್ದರಿಂದ ಒದ್ದೆ ಟವೆಲ್ಲು, ಈಜಿ ಬಂದ ಬಟ್ಟೆ, ಕುದಿಯುವ ಚಹಾ ಯಾವುದೂ ಗಾಡಿಯ ಒಳಗೆ ಬೇಡ. ಸುಮ್ನೆ ಬ್ಯಾಟರಿಗೆ ದಂಡ.

ನಾಲ್ಕನೆಯದು: ವೈರು. ಇಲ್ಲೇ ಎಲ್ಲರೂ ಎಡವುವುದು

ಮನೆಯಲ್ಲಿ 600 ವಾಟ್ ಅಂದರೆ ಮೂರು ಆಂಪಿಯರೂ ಇಲ್ಲ, ತೆಳ್ಳಗಿನ ವೈರಿನಲ್ಲೂ ಓಡುತ್ತದೆ. ಅದೇ 600 ವಾಟ್ 12 ವೋಲ್ಟಿನಲ್ಲಿ ಐವತ್ತು ಆಂಪಿಯರ್. ಮನೆ ವೈರಿಂಗ್ ಮಾಡುವವರಿಗೆ ಇದು ತಲೆಗೆ ಹೋಗುವುದೇ ಇಲ್ಲ. ‘ಗೀಸರಿಗೇ ನಾಲ್ಕು ಎಂಎಂ ಹಾಕ್ತೇವೆ ಸಾರ್, ಇದೇನು ಮಹಾ’ ಅನ್ನುತ್ತಾರೆ.

ಲೆಕ್ಕ ಮಾಡಿ. ಬ್ಯಾಟರಿಯಿಂದ ಎಸಿಗೆ ಮೂರು ಮೀಟರ್, ವಾಪಸ್ ಮೂರು ಮೀಟರ್, ಒಟ್ಟು ಆರು. 4 ಚದರ ಮಿ.ಮೀ. ತಾಮ್ರದಲ್ಲಿ ಐವತ್ತು ಆಂಪಿಯರ್ ಹರಿದರೆ 1.3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 12.6 ವೋಲ್ಟ್ ಕೊಡುತ್ತಿರುವ ಬ್ಯಾಟರಿ ಎಸಿಯ ಕಣ್ಣಿಗೆ 11.3 ಅಂತ ಕಾಣುತ್ತದೆ. ಬ್ಯಾಟರಿ ಖಾಲಿ ಅಂದುಕೊಂಡು ಎಸಿ ತಾನೇ ಆಫ್ ಆಗುತ್ತದೆ. ನಮ್ಮ ಶಿರಸಿ ಹುಡುಗನಿಗೆ ಆದದ್ದು ಇದೇ. ಹೋದ ಆ 1.3 ವೋಲ್ಟ್ ಎಲ್ಲಿ ಹೋಯಿತು? ವೈರು ಬಿಸಿ ಮಾಡಿತು. 65 ವಾಟ್, ಹಾಸಿಗೆಯ ಕೆಳಗೆ, ನೀವು ಮಲಗಿರುವಾಗ. 25 ಚದರ ಮಿ.ಮೀ. ವೈರು ಹಾಕಿದರೆ ಬೀಳುವುದು 0.2 ವೋಲ್ಟ್ ಮಾತ್ರ. ಅದನ್ನೇ ಹಾಕಿ. 16 ಸಾಲುತ್ತದೆ ಅನ್ನುವವರಿದ್ದಾರೆ, ಸಾಲುತ್ತದೆ ಕೂಡ, ಆದರೂ ನಾನು 25 ಹಾಕುತ್ತೇನೆ. ಇನ್ನೂ ಏನೂ ಕೊಂಡಿಲ್ಲ ಅಂದರೆ ಎಲ್ಲವನ್ನೂ 24 ವೋಲ್ಟಿನದೇ ತೆಗೆದುಕೊಳ್ಳಿ, ಕರೆಂಟ್ ಅರ್ಧಕ್ಕೆ ಇಳಿದು ಇದೇ ವೈರಿನಲ್ಲಿ ನಷ್ಟ ಕಾಲು ಭಾಗ ಆಗುತ್ತದೆ.

ಕೊಳ್ಳುವಾಗ ಬ್ಲೇಡು ಜೇಬಲ್ಲಿರಲಿ. ನಾನು ಒಮ್ಮೆ ಪೇಟೆಯ ಒಂದು ಅಂಗಡಿಯಲ್ಲಿ ‘ಪ್ಯೂರ್ ಕಾಪರ್’ ಅಂತ ಹತ್ತು ಮೀಟರ್ ತಂದೆ. ಕೆಂಪಗೆ ಹೊಳೆಯುತ್ತಿತ್ತು. ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿತು, ಆದರೂ ದುಡ್ಡು ಕೊಟ್ಟಾಗಿತ್ತು. ಮನೆಗೆ ಬಂದು ಒಂದು ಎಳೆ ಕೆರೆದರೆ ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಮೇಲೆ ತಾಮ್ರದ ಲೇಪ ಅಷ್ಟೇ. ಇದು ಕರೆಂಟ್ ಒಯ್ಯುವುದು ತಾಮ್ರದ ಮೂರರಲ್ಲಿ ಎರಡು ಪಾಲಿನಷ್ಟು, ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲಿ ಬೂದಿಯಾಗುತ್ತದೆ. ಕಡಲ ಬದಿಗೆ ನಿಜವಾಗಿ ಬೇಕಾದದ್ದು ತವರ ಲೇಪಿಸಿದ ತಾಮ್ರ, ದೋಣಿಗಳಿಗೆ ಹಾಕುವಂಥದ್ದು. ಗುರುತು ಹೀಗಿಟ್ಟುಕೊಳ್ಳಿ: ಒಳ್ಳೆಯದು ಹೊರಗೆ ಬಿಳಿ, ಕೆರೆದರೆ ಕೆಂಪು. ಮೋಸದ್ದು ಹೊರಗೆ ಕೆಂಪು, ಕೆರೆದರೆ ಬಿಳಿ.

ಇನ್ನು ಲಗ್ಗು, ಅಂದರೆ ವೈರನ್ನು ಬೋಲ್ಟಿಗೆ ಸಿಕ್ಕಿಸಲು ತುದಿಗೆ ಹಾಕುವ ತೂತಿನ ಲೋಹದ ತುಂಡು. ವೈರಿನ ತುದಿಗೆ ಲಗ್ ಹಾಕಿ ಸುತ್ತಿಗೆಯಲ್ಲಿ ಬಡಿಯುವುದನ್ನು ಎಷ್ಟು ಗ್ಯಾರೇಜಿನಲ್ಲಿ ನೋಡಿಲ್ಲ! ಬಡಿದ ಲಗ್ ಹೊರಗೆ ಚಪ್ಪಟೆ, ಒಳಗೆ ಟೊಳ್ಳು. ಎಳೆಗಳ ನಡುವೆ ಉಪ್ಪುಗಾಳಿ ಹೊಕ್ಕು ಹಸಿರು ಕಿಲುಬು ಕಟ್ಟುತ್ತದೆ, ಕಿಲುಬಿನಲ್ಲಿ ಕರೆಂಟ್ ಸರಿಯಾಗಿ ಹರಿಯದೆ ಆ ಜಾಗವೇ ಬಿಸಿಯಾಗುತ್ತದೆ. ಲಗ್ಗನ್ನು ವೈರಿನ ಮೇಲೆ ಬಿಗಿಯಾಗಿ ಒತ್ತುವ ಹೈಡ್ರಾಲಿಕ್ ಕ್ರಿಂಪಿಂಗ್ ಮಷೀನ್ ಇರುವವರನ್ನು ಹುಡುಕಿ. ಸಿಪ್ಪೆ ಸುಲಿಯುವುದು ಲಗ್ಗಿನ ಕೊಳವೆ ಎಷ್ಟು ಉದ್ದವೋ ಅಷ್ಟೇ, ಒಂದೂ ಎಳೆ ಕತ್ತರಿಸದ ಹಾಗೆ. ಒಳಗೆ ತಳ್ಳಿ, ಎರಡು ಕಡೆ ಒತ್ತಿಸಿ. ಆಮೇಲೆ ಲಗ್ಗನ್ನು ಒಂದು ಬೋಲ್ಟಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ವೈರು ಎಳೆಯಿರಿ, ಬಾವಿ ಹಗ್ಗ ಎಳೆದ ಹಾಗೆ. ಕಿತ್ತು ಬಂದರೆ ಇವತ್ತೇ ಬರಲಿ. ಬೆಸುಗೆ ಬೇಡ. ಸೀಸ ಎಳೆಗಳೊಳಗೆ ಏರಿ ವೈರು ಕಡ್ಡಿಯಾಗುತ್ತದೆ, ನಮ್ಮ ಹೆದ್ದಾರಿ 66ರ ಗುಂಡಿಗಳಿಗೆ ಆ ಕಡ್ಡಿ ಮುರಿಯುತ್ತದೆ. ಕೊನೆಗೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೂರಿಸಿ ಕಾಯಿಸಿ, ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಜಿನುಗಬೇಕು. ಕಪ್ಪು ಟೇಪು ಸುತ್ತುವುದು ಲೆಕ್ಕಕ್ಕಿಲ್ಲ, ಮೇ ತಿಂಗಳ ಬಿಸಿಗೆ ಅದು ಬೆಲ್ಲದ ಪಾಕ.

ಬ್ಯಾಟರಿ ಮೇಲೆ ಕೂರಿಸುವಾಗ ಲಗ್ ನೇರ ಟರ್ಮಿನಲ್ಲಿಗೆ ತಾಗಬೇಕು. ಅದರ ಮೇಲೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಕೊನೆಗೆ ಬೋಲ್ಟು. ಲಗ್ಗಿನ ಕೆಳಗೆ ವಾಷರ್ ಹಾಕಿದ್ದನ್ನು ಮೂರು ಗಾಡಿಯಲ್ಲಿ ನೋಡಿದ್ದೇನೆ. ಐವತ್ತು ಆಂಪಿಯರೂ ಆ ಸ್ಟೀಲ್ ಬಿಲ್ಲೆಯ ಮೂಲಕ ಹೋಗಬೇಕಾಗಿ ಬಿಲ್ಲೆ ನೀಲಿ ತಿರುಗಿತ್ತು.

ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನ ಒಳಗೆ ಇರಲಿ. ಫ್ಯೂಸ್ ಕಾಯುವುದು ವೈರನ್ನು. ಅದು ಎಸಿ ಹತ್ತಿರ ಇದ್ದರೆ ನಡುವಿನ ಮೂರು ಮೀಟರ್‌ಗೆ ದಿಕ್ಕಿಲ್ಲ, ಎಲ್ಲಾದರೂ ತಗಡಿಗೆ ಉಜ್ಜಿ ತಾಗಿದರೆ ಬೆಂಕಿಯೇ. ಐವತ್ತು ಆಂಪಿಯರ್ ಎಳೆಯುವ ಎಸಿಗೆ, 25ರ ವೈರಿಗೆ, 80 ಆಂಪಿಯರ್ ಫ್ಯೂಸ್ ಸರಿ. ಕಾರ್ ಆಡಿಯೋ ಕಿಟ್‌ನ ಗಾಜಿನ ಫ್ಯೂಸ್ ಬೇಡ. ಮನೆಯ ಎಂಸಿಬಿಯನ್ನೂ (ಟ್ರಿಪ್ ಆಗುವ ಸ್ವಿಚ್ಚು) ತಂದು ಕೂರಿಸಬೇಡಿ, ಬ್ಯಾಟರಿಯ ಕರೆಂಟಿಗೆ ‘ಡಿಸಿ’ ಅಂತ ಬರೆದದ್ದೇ ಆಗಬೇಕು. ಮೈನಸ್‌ಗೂ ಪೂರ್ತಿ ವೈರು ಎಳೆಯಿರಿ. ಗಾಡಿ ಬಾಡಿಗೇ ಅರ್ಥಿಂಗ್ ಕೊಟ್ಟು ವೈರು ಉಳಿಸುವ ಮೆಕ್ಯಾನಿಕ್ಕರಿದ್ದಾರೆ. ಕಾರವಾರದಲ್ಲಿ ತುಕ್ಕು ಹಿಡಿಯದ ಬಾಡಿ ಯಾವುದಿದೆ ತೋರಿಸಲಿ.

ಎಲ್ಲ ಮುಗಿದ ಮೇಲೆ ಎಸಿ ಫುಲ್ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಹತ್ತಿರ ಒಮ್ಮೆ, ಎಸಿ ಹತ್ತಿರ ಒಮ್ಮೆ ವೋಲ್ಟ್ ನೋಡಿ. ವ್ಯತ್ಯಾಸ 0.4ರ ಒಳಗಿರಬೇಕು. ಆಫ್ ಮಾಡಿ ಒಂದೊಂದು ಜೋಡಣೆಗೂ ಮುಂಗೈ ಹಿಂಬದಿ ತಾಗಿಸಿ ನೋಡಿ. ಯಾವುದು ಬಿಸಿಯೋ ಅದನ್ನು ಕತ್ತರಿಸಿ ಮತ್ತೆ ಮಾಡಿ. ‘ಸ್ವಲ್ಪ ಬೆಚ್ಚಗಿದೆ, ಪರವಾಗಿಲ್ಲ’ ಅಂತ ಬಿಡಬೇಡಿ.

ಐದನೆಯದು: ಚಾರ್ಜ್ ಎಲ್ಲಿಂದ

ಗಾಡಿಯ ತಲೆ ಮೇಲೆ 400 ವಾಟ್ ಸೋಲಾರ್ ಇದ್ದರೆ ಒಳ್ಳೆ ಬಿಸಿಲಿಗೆ ದಿನಕ್ಕೆ ಒಂದೂವರೆ ಯೂನಿಟ್ ಸಿಗಬಹುದು. ರಾತ್ರಿಗೆ ಬೇಕಾದದ್ದು 2.7. ಮೇಲಾಗಿ ನೆರಳಲ್ಲಿ ನಿಲ್ಲಿಸಿದರೆ ಸೋಲಾರ್ ಇಲ್ಲ, ಬಿಸಿಲಲ್ಲಿ ನಿಲ್ಲಿಸಿದರೆ ಗಾಡಿ ಒಲೆ. ನಾನು ನೆರಳಿಗೇ ಓಟು ಹಾಕುತ್ತೇನೆ. ಉಳಿದದ್ದು ಎಂಜಿನ್ನಿನಿಂದ ಬರಲಿ. ಎಂಜಿನ್ನಿನ ಕರೆಂಟನ್ನು ಹದವಾಗಿ ಬ್ಯಾಟರಿಗೆ ಕೊಡುವ 40 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಹಾಕಿ ಎರಡು ಗಂಟೆ ಓಡಿಸಿದರೆ ಒಂದು ಯೂನಿಟ್ ತುಂಬುತ್ತದೆ. ಆ ಚಾರ್ಜರಿನ ದುಡ್ಡು ಉಳಿಸಲು ಆಲ್ಟರ್ನೇಟರನ್ನು (ಎಂಜಿನ್ನಿನ ಜೊತೆ ತಿರುಗಿ ಕರೆಂಟ್ ಕೊಡುವ ಭಾಗ) ನೇರ ಲಿಥಿಯಂಗೆ ಕಟ್ಟಿದರೆ ಬ್ಯಾಟರಿ ಸಿಕ್ಕಾಪಟ್ಟೆ ಎಳೆದು ಆಲ್ಟರ್ನೇಟರ್ ಸುಡುತ್ತದೆ.

ಮಲಗಿರುವಾಗ ಎಂಜಿನ್ ಓಡಿಸಿ ಎಸಿ ಹಾಕುವ ಯೋಚನೆ ಮಾತ್ರ ಕನಸಲ್ಲೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿಯಲ್ಲಿ ಮಲಗುವಾಗಲೂ ಒಂದು ಕಿಟಕಿ ಬೆರಳಷ್ಟು ತೆಗೆದಿರಲಿ.

ಆರನೆಯದು: ರಾತ್ರಿ

ಎಸಿ ಹಾಕುವ ಅರ್ಧ ಗಂಟೆ ಮೊದಲು ಎಲ್ಲ ಬಾಗಿಲು ತೆರೆದಿಟ್ಟು ಒಳಗಿನ ಕಾವು ಬಿಡಿ. ಕತ್ತಲಾಗುವ ತನಕ ಕಡಲ ಗಾಳಿ ಪುಕ್ಕಟೆ ಸಿಗುತ್ತದೆ, ಅದು ನಿಂತ ಮೇಲೆ ಎಸಿ. ಮನೆಯ ಎಸಿಗಳು 2020ರಿಂದ 24 ಡಿಗ್ರಿಗೆ ಸೆಟ್ ಆಗಿಯೇ ಬರುತ್ತವೆ. ವ್ಯಾನಿಗೆ 27 ಇಟ್ಟು ಚಿಕ್ಕ ಫ್ಯಾನು ಹಾಕಿ. ಗಾಳಿ ಒಣಗಿದ ಮೇಲೆ 27ಕ್ಕೇ ನಿದ್ದೆ ಬರುತ್ತದೆ. ಎಸಿ ಹಿಂಡಿದ ನೀರಿನ ಪೈಪ್ ಗಾಡಿಯ ಹೊರಗೆ ಇಳಿಬಿಟ್ಟದ್ದು ನೋಡಿಕೊಳ್ಳಿ, ಮರೆತರೆ ಬೆಳಿಗ್ಗೆ ಚಪ್ಪಲಿ ತೇಲುತ್ತದೆ.

ಗಾಡಿಯ ತಲೆ ಕೊರೆದು ಎಸಿ ಕೂರಿಸುವ ಮೊದಲು ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿ, ಕೆಎ 30 ಆಗಲಿ 31 ಆಗಲಿ. ಗಾಡಿಯ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ.

ಮೇ ಕೊನೆಗೆ, ಮಳೆ ಬರುವ ಮೊದಲು, ಬ್ಯಾಟರಿಯನ್ನು ಅರ್ಧ ಚಾರ್ಜಿಗೆ ತಂದು ಫ್ಯೂಸ್ ಕಿತ್ತಿಡಿ. ಲಗ್ಗುಗಳಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಗಣಪತಿ ಹಬ್ಬಕ್ಕೆ ಒಮ್ಮೆ ಮುಚ್ಚಳ ತೆಗೆದು ನೋಡಿ, ಎಲ್ಲಾದರೂ ಹಸಿರು ಚುಕ್ಕೆ ಕಂಡರೆ ಆ ಲಗ್ ಬದಲಿಸಿ.