ಗಾರ್ಮೆಂಟ್ಸ್ ಫ್ಲೋರಿನಲ್ಲಿ ಓಪನ್ ಡೋರ್: ನಾನು ಮಾಡಿದ್ದು ಹೀಗೆ

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ವೆಲ್ಫೇರ್ ಆಫೀಸರ್ ಆಗಿದ್ದೆ. 500 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಈ ಹುದ್ದೆ ಇರಲೇಬೇಕು ಅಂತ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ನಮ್ಮಲ್ಲಿ ಹೊಲಿದ ಶರ್ಟುಗಳೆಲ್ಲ ಅಮೆರಿಕ, ಯುರೋಪಿಗೆ ಹೋಗುತ್ತಿದ್ದವು. ಹಾಗಾಗಿ ಬಯರ್ (ಶರ್ಟು ಕೊಳ್ಳುವ ಕಂಪನಿ) ಕಡೆಯ ಆಡಿಟ್ ತಪ್ಪುತ್ತಿರಲಿಲ್ಲ. ಅವರ ಪಟ್ಟಿಯಲ್ಲಿ ಒಂದು ಪ್ರಶ್ನೆ ಯಾವಾಗಲೂ ಇರುತ್ತಿತ್ತು: ನಿಮ್ಮಲ್ಲಿ ಓಪನ್ ಡೋರ್ ಪಾಲಿಸಿ ಇದೆಯಾ?

ಇತ್ತು. ಗೋಡೆಗೆ ಫ್ರೇಮ್ ಹಾಕಿಸಿ ತಗುಲಿಹಾಕಿದ್ದರು. ಯಾರು ಬೇಕಾದರೂ, ಯಾವಾಗ ಬೇಕಾದರೂ ಮೇಲಿನವರನ್ನು ನೇರವಾಗಿ ಕಂಡು ಮಾತಾಡಬಹುದು ಅಂತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿತ್ತು. ಆದರೆ ಯಾರೂ ಬರುತ್ತಿರಲಿಲ್ಲ.

ಬರಬೇಕಾದರೆ ಏನೇನು ದಾಟಬೇಕು ಅಂತ ಲೈನಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಒಬ್ಬರು ಕಾಲರ್ ಕೂರಿಸುತ್ತಾರೆ, ಮುಂದಿನವರು ತೋಳು, ಅವರ ಮುಂದಿನವರು ಸೈಡ್ ಸೀಮ್. ಕಾಲರ್ ಹಾಕುವವಳು ಹತ್ತು ನಿಮಿಷ ಎದ್ದು ಹೋದರೆ ಮುಂದಿನವರ ಕೈ ಖಾಲಿ, ಇವಳ ಮಿಷಿನ್ ಪಕ್ಕ ಬಂಡಲ್ ರಾಶಿ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪ್ರೊಡಕ್ಷನ್ ಬರೆಯುತ್ತಾರೆ. ಪೀಸ್ ಕಮ್ಮಿಯಾದರೆ ಯಾರಿಂದ ಆಯ್ತು ಅಂತ ಇಡೀ ಲೈನಿಗೆ ಗೊತ್ತಾಗುತ್ತದೆ. ಏಳಬೇಕಾದರೆ ಸೂಪರ್‌ವೈಸರ್‌ನ ಕೇಳಬೇಕು. ದೂರು ಇರುವುದೇ ಅವರ ಮೇಲಾದರೆ? ಅದೂ ದಾಟಿ ಬಂದರೆ ಆಫೀಸಿನ ಗಾಜಿನ ಬಾಗಿಲು. ಒಳಗೆ ಯಾರು ಕೂತಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ. ಸಾಯಂಕಾಲ ಬಸ್ಸಿನಲ್ಲಿ ಅದೇ ಮಾತು.

ಆ ಹೊತ್ತಿಗೆ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡಬೇಕಿತ್ತು. ಅದಕ್ಕಾಗಿ ವಿದೇಶಿ ವ್ಯಾಪಾರದಲ್ಲಿ ಇದೇ ಹೆಸರಿನ ಓಪನ್ ಡೋರ್ ನೀತಿ ಬಗ್ಗೆಯೂ ಓದಿಕೊಂಡೆ. ನಮ್ಮ ಹೊಟ್ಟೆಪಾಡು ನಿಂತಿರುವುದೇ ರಫ್ತಿನ ಮೇಲೆ, ಅಲ್ವಾ? 1899ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಬ್ರಿಟನ್, ಜರ್ಮನಿ, ರಷ್ಯಾ, ಫ್ರಾನ್ಸ್, ಇಟಲಿ, ಜಪಾನ್ ಸರ್ಕಾರಗಳಿಗೆ ಪತ್ರ ಬರೆಸಿದರು. ಚೀನಾದಲ್ಲಿ ಯಾರ ಹಿಡಿತದ ಪ್ರದೇಶವೇ ಆಗಿರಲಿ, ಎಲ್ಲ ದೇಶದ ವ್ಯಾಪಾರಿಗಳಿಗೂ ಒಂದೇ ಸುಂಕ, ಒಂದೇ ಬಂದರು ಶುಲ್ಕ ಇರಬೇಕು ಅನ್ನುವುದು ಅದರ ಸಾರ. ಬಾಗಿಲು ಚೀನಾದ್ದು. ಆದರೆ ಚೀನಾವನ್ನು ಯಾರೂ ಕೇಳಲಿಲ್ಲ. 1978ರ ಡಿಸೆಂಬರ್ ನಂತರ, ಡೆಂಗ್ ಶಿಯೋಪಿಂಗ್ ಕಾಲದಲ್ಲಿ, ಅದೇ ಚೀನಾ ತಾನಾಗಿ ಬಾಗಿಲು ತೆರೆಯಿತು. ಆಗ ಎಲ್ಲಿ, ಎಷ್ಟು, ಯಾವ ಷರತ್ತಿನ ಮೇಲೆ ಅಂತ ತಾನೇ ತೀರ್ಮಾನಿಸಿತು. 1980ರಲ್ಲಿ ಶೆನ್‌ಝೆನ್ ಸೇರಿ ನಾಲ್ಕು ವಿಶೇಷ ವಲಯ. ಅಲ್ಲಿ ಹೇಗೆ ನಡೆಯುತ್ತದೆ ನೋಡಿಕೊಂಡು 1984ರಲ್ಲಿ ಕರಾವಳಿಯ ಇನ್ನೂ 14 ನಗರ.

ಇದರಿಂದ ನಾನು ಎರಡು ವಿಷಯ ತೆಗೆದುಕೊಂಡೆ. ನಮ್ಮ ಗೋಡೆಯ ಮೇಲಿನ ಪಾಲಿಸಿ ಬರೆಯುವಾಗ ಟೈಲರ್‌ಗಳನ್ನು ಯಾರೂ ಕೇಳಿರಲಿಲ್ಲ. ಮೊದಲು ಅವರನ್ನೇ ಕೇಳಬೇಕು. ಮತ್ತೆ, ಇಡೀ ಫ್ಲೋರಿನಲ್ಲಿ ಒಂದೇ ಸಲ ಶುರು ಮಾಡುವ ಬದಲು ಎರಡು ಲೈನಿನಲ್ಲಿ ನಡೆಸಿ ನೋಡಬೇಕು.

ಕೇಳಿದಾಗ ಬಂದ ಉತ್ತರ ತುಂಬಾ ಸರಳವಾಗಿತ್ತು. "ನೀವೇ ಬನ್ನಿ ಮೇಡಂ, ನಾವು ಬಂದ್ರೆ ಎಲ್ಲಾರ ಕಣ್ಣಿಗೆ ಬೀಳ್ತೀವಿ" ಅಂದರು. ಸರಿ, ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವರ ಜೊತೆಯಲ್ಲೇ ಡಬ್ಬಿ ಬಿಚ್ಚಿ ಕೂರಲು ಶುರು ಮಾಡಿದೆ. ಮಗುವಿಗೆ ಹಾಲು ಕುಡಿಸಲು ತಾಯಂದಿರು ಬರುವ ಹೊತ್ತಿಗೆ ಶಿಶುಪಾಲನಾ ಕೇಂದ್ರದ ಹತ್ತಿರ ಇರುತ್ತಿದ್ದೆ. ಅಲ್ಲಿ ಮಾತಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಸ್ಟೆಲಿನಲ್ಲಿದ್ದ ಒಡಿಶಾ, ಜಾರ್ಖಂಡ್ ಹುಡುಗಿಯರಿಗೆ ನನ್ನ ಕನ್ನಡ ಅರ್ಥವಾಗುತ್ತಿರಲಿಲ್ಲ. ಅವರಲ್ಲೇ ಹಳಬಳಾದ, ಎಲ್ಲರೂ ನಂಬುವ ಒಬ್ಬಳನ್ನು ಜೊತೆಗೆ ಕರೆದುಕೊಂಡೆ. ಮಾತಾಡುವುದಕ್ಕಾಗಿ ಮಿಷಿನ್ ಬಿಟ್ಟು ಬಂದ ಹೊತ್ತಿಗೆ ಟಾರ್ಗೆಟ್ ಕಳೆಯಬೇಕು ಅಂತ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಒಪ್ಪಿಸಿಕೊಂಡೆ. ಇದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ.

ಮೊದಮೊದಲು ಬಂದದ್ದೆಲ್ಲ ಸಂಬಳದ ಚೀಟಿಯ ವಿಚಾರ. ಒಬ್ಬಾಕೆ, ಮದ್ದೂರು ಕಡೆಯವರು, ಸೀರೆಯ ಸೆರಗಿನ ಗಂಟಿನಿಂದ ಪೇ ಸ್ಲಿಪ್ ತೆಗೆದು ಬಿಚ್ಚಿಟ್ಟರು. ಮಡಚಿ ಮಡಚಿ ಅಕ್ಷರವೇ ಮಾಸಿತ್ತು. "ಇದೇನು ಮೇಡಂ ಇಲ್ಲಿ ಎಲ್‌ಒಪಿ ಅಂತ? ಯಾರನ್ನ ಕೇಳೋದು ಗೊತ್ತಾಗ್ದೆ ಸುಮ್ನಿದ್ದೆ." ಎಲ್‌ಒಪಿ ಅಂದರೆ ಲಾಸ್ ಆಫ್ ಪೇ, ಸಂಬಳ ಕಡಿತ. ರಜೆ ಉಳಿದಿದ್ದರೂ ಅವರ ಒಂದು ದಿನದ ಸಂಬಳ ಹೋಗಿತ್ತು. ರಜೆ ಅರ್ಜಿ ಸೂಪರ್‌ವೈಸರ್ ಮೇಜಿನಲ್ಲೇ ಉಳಿದುಬಿಟ್ಟಿತ್ತು. ಮುಂದಿನ ಸಂಬಳದಲ್ಲಿ ಅದು ವಾಪಸ್ ಬಂತು. ಆಮೇಲೆ ಪೇ ಸ್ಲಿಪ್ಪನ್ನೇ ಕನ್ನಡದಲ್ಲಿ ಮಾಡಿಸಿದೆವು. ಪಿ.ಎಫ್. ಎಷ್ಟು, ಇ.ಎಸ್.ಐ. ಎಷ್ಟು, ಓವರ್‌ಟೈಮ್ ಎಷ್ಟು, ಎಲ್ಲ ಓದಿಕೊಳ್ಳುವ ಹಾಗೆ. ಖರ್ಚು ಅಂತ ಏನೂ ಇರಲಿಲ್ಲ. ಆದರೆ ಆ ಒಂದು ದಿನದ ಸಂಬಳ ವಾಪಸ್ ಬಂದ ಸುದ್ದಿ ಲೈನಿನಿಂದ ಲೈನಿಗೆ ಹೋಯಿತು. ಹೇಳಿದರೆ ಕೆಲಸ ಆಗುತ್ತದೆ ಅಂತ ಜನಕ್ಕೆ ಅನ್ನಿಸಿದ್ದು ಅಲ್ಲಿಂದಲೇ.

ಚಿಕ್ಕ ವಿಷಯ ಅಂತ ಬಿಡಬಾರದು. ಪಿ.ಎಫ್. ಹಣ ತೆಗೆಯುವ ನಿಯಮ ಬದಲಿಸಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ರಸ್ತೆಗಿಳಿದರು. ಹೊಸೂರು ರಸ್ತೆ, ಮೈಸೂರು ರಸ್ತೆ, ಪೀಣ್ಯ ಕಡೆಯೆಲ್ಲ ಓಡಾಟ ನಿಂತಿತು. ಎರಡನೇ ದಿನ ಕೇಂದ್ರ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಆ ಹಣ ಅವರಿಗೆ ಮಗಳ ಮದುವೆ, ಮಗನ ಫೀಸು, ಮನೆ ಭೋಗ್ಯ. ಇದನ್ನು ಯಾರೂ ಕೂತು ಕೇಳಿರದಿದ್ದರಿಂದಲೇ ಆ ಸಿಟ್ಟು ಅಷ್ಟು ಜನಕ್ಕೆ ಅನಿರೀಕ್ಷಿತ ಅನ್ನಿಸಿದ್ದು ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಸೂಪರ್‌ವೈಸರ್‌ಗಳದ್ದು ಬೇರೆ ಸಂಕಟ. "ನಮ್ಮ ತಲೆ ಮೇಲಿಂದ ಹೋಗಿ ಚಾಡಿ ಹೇಳ್ತಾರೆ, ನಾವು ಲೈನ್ ನಡೆಸೋದು ಹೇಗೆ ಮೇಡಂ?" ಅಂತ ಕೇಳಿದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಟಾರ್ಗೆಟ್ ಒತ್ತಡ ಹೊರುವವರು ಅವರೇ. ಕೂತು ಒಂದು ಒಪ್ಪಂದ ಮಾಡಿಕೊಂಡೆವು. ರಜೆ, ಮಿಷಿನ್ ರಿಪೇರಿ, ಫ್ಯಾನು, ನೀರು, ಇಂಥದ್ದನ್ನು ನಾನು ಮೊದಲು ಅವರಿಗೇ ಹೇಳುತ್ತೇನೆ, ಹೇಳಿದವರ ಹೆಸರು ಹೇಳುವುದಿಲ್ಲ. ಅವರು ಸರಿಮಾಡಿದರೆ ಅಲ್ಲಿಗೇ ಮುಗಿಯಿತು, ಶಹಬ್ಬಾಸ್ ಅವರಿಗೇ.

ಎರಡು ವಿಷಯ ಮಾತ್ರ ಈ ಒಪ್ಪಂದದಿಂದ ಹೊರಗೆ. ಒಂದು ಲೈಂಗಿಕ ಕಿರುಕುಳ. ಅದು ನೇರವಾಗಿ 2013ರ ಕಾಯ್ದೆಯ ಪ್ರಕಾರ ಇರುವ ಆಂತರಿಕ ಸಮಿತಿಗೆ ಹೋಗಬೇಕು, ಗುಟ್ಟಾಗಿ ಇರಬೇಕು. ಇನ್ನೊಂದು ಜೀವಕ್ಕೆ ಅಪಾಯ ಇರುವಂಥದ್ದು: ತೆರೆದುಕೊಂಡ ವೈರು, ಬೀಗ ಹಾಕಿದ ಎಮರ್ಜೆನ್ಸಿ ಬಾಗಿಲು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಒಳಗೆ ಹೋಗಲು ಕೆಲಸಗಾರರು ಹಿಂಜರಿದಿದ್ದರು. ಆದರೂ ಅವರನ್ನು ಕೆಲಸಕ್ಕೆ ಕಳಿಸಿದರು. ನಮ್ಮಂತೆಯೇ ಹೊಲಿಯುತ್ತಿದ್ದವರು ಅವರು. ಆ ಸುದ್ದಿ ಬಂದ ದಿನ ನಮ್ಮ ಫ್ಲೋರಿನಲ್ಲಿ ಮಿಷಿನ್ ಸದ್ದು ಬಿಟ್ಟರೆ ಮಾತೇ ಇರಲಿಲ್ಲ. ಅಪಾಯದ ಮಾತಿಗೆ ಸೂಪರ್‌ವೈಸರ್‌ನ ಕೇಳಿ ಬರಬೇಕು ಅನ್ನುವ ಮೆಟ್ಟಿಲೇ ಇರಕೂಡದು ಅಂತ ನಾನು ಹಟ ಹಿಡಿದೆ.

ಬಂದ ಮಾತನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಆಗದ ಕೆಲಸಕ್ಕೆ ಆಗಲ್ಲ ಅಂತಲೇ ಉತ್ತರ, ಯಾಕೆ ಆಗಲ್ಲ ಅನ್ನುವುದರ ಜೊತೆಗೆ. ದೂರಿನ ಪೆಟ್ಟಿಗೆಯೂ ಇತ್ತು, ಆದರೆ ನನ್ನ ಪ್ರಕಾರ ಅದರಿಂದ ದೊಡ್ಡ ಉಪಯೋಗ ಆಗಲಿಲ್ಲ.

ವರ್ಷ ಕಳೆದಂತೆ ರಿಜಿಸ್ಟರ್ ತಿರುಗಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಬೈಗುಳ, ಬಲವಂತದ ಓವರ್‌ಟೈಮ್, ಟಾಯ್ಲೆಟ್ಟಿಗೆ ಬಿಡದಿರುವುದು, ಇವೆಲ್ಲ ಶಿಪ್‌ಮೆಂಟ್ ಹತ್ತಿರ ಬಂದಾಗಲೇ ಜಾಸ್ತಿ. 2005ರ ಜನವರಿ 1ಕ್ಕೆ ಜವಳಿ ಕೋಟಾ ಹೋದ ಮೇಲೆ ಬಯರ್‌ಗಳು ಯಾವ ದೇಶದಿಂದ ಎಷ್ಟು ಬೇಕಾದರೂ ತರಿಸಿಕೊಳ್ಳಬಹುದು. ನಮ್ಮಲ್ಲಿ ತಡವಾದರೆ ಬಾಂಗ್ಲಾದೇಶ, ವಿಯೆಟ್ನಾಂ. ಈ ಭಯಕ್ಕೆ, ಕಟಿಂಗ್ ಶುರುವಾದ ಮೇಲೆ ಸ್ಟೈಲ್ ಬದಲಾಯಿಸಿ ಅಂತ ಮೇಲ್ ಬಂದರೂ, ಡೇಟ್ ಆಗಲ್ಲ, ಅಂದರೆ ಹೇಳಿದ ದಿನಕ್ಕೆ ಮಾಲು ಕಳಿಸೋಕೆ ಆಗಲ್ಲ, ಅಂತ ನಮ್ಮವರು ಬಾಯಿ ಬಿಡುತ್ತಿರಲಿಲ್ಲ. ಆ ಒತ್ತಡ ಇಳಿದು ಇಳಿದು ಕಾಲರ್ ಹಾಕುವವಳ ಮೇಲೆ ಬೀಳುತ್ತಿತ್ತು.

ಹಾಗಾಗಿ ಮುಂದಿನ ಆಡಿಟ್‌ನಲ್ಲಿ ಓಪನ್ ಡೋರ್ ಪ್ರಶ್ನೆ ಬಂದಾಗ ರಿಜಿಸ್ಟರನ್ನೇ ಮುಂದಿಟ್ಟು ಕೇಳಿದೆ: "ಡೇಟ್ ಆಗಲ್ಲ ಅಂತ ಹೇಳೋಕೆ ನಿಮ್ಮಲ್ಲಿ ನಾವು ಯಾರ ಹತ್ತಿರ ಬರಬೇಕು ಸರ್? ಹೇಳಿದ್ರೆ ಮುಂದಿನ ಆರ್ಡರ್ ಕೈತಪ್ಪಲ್ಲ ಅಂತ ಬರೆದು ಕೊಡ್ತೀರಾ?" ಆಡಿಟ್‌ಗೆ ಬಂದವರು ಹೆಸರು ಮುಚ್ಚಿದ ಪುಟಗಳ ನಕಲು ಕೇಳಿ ತೆಗೆದುಕೊಂಡು ಹೋದರು. ಆಮೇಲೆ ಮಾತುಕತೆ ನಡೆದು, ಕಟಿಂಗ್ ಆದ ಮೇಲೆ ಬದಲಾವಣೆ ಕಳಿಸಿದರೆ ಡೇಟ್ ಮುಂದಕ್ಕೆ ಹಾಕುವುದಕ್ಕೆ ಒಬ್ಬ ಬಯರ್ ಒಪ್ಪಿದರು. ಅವರ ಆರ್ಡರ್ ನಡೆಯುವ ಲೈನುಗಳಲ್ಲಿ ರಾತ್ರಿ ಓವರ್‌ಟೈಮ್ ಕಮ್ಮಿಯಾಯಿತು. ನಾನು ಕೆಲಸ ಬಿಡುವವರೆಗೂ ಉಳಿದ ಬಯರ್‌ಗಳು ಒಪ್ಪಿರಲಿಲ್ಲ. ಈಗ ಆ ಕುರ್ಚಿಯಲ್ಲಿ ಕೂತಿರುವ ಹುಡುಗಿಗೆ ರಿಜಿಸ್ಟರ್ ಒಪ್ಪಿಸುವಾಗ, ಪ್ರತಿ ಆಡಿಟ್‌ನಲ್ಲೂ ಅದೇ ಪ್ರಶ್ನೆ ಕೇಳಮ್ಮ ಅಂತ ಹೇಳಿ ಬಂದಿದ್ದೇನೆ. ಕೇಳುತ್ತಿದ್ದಾಳೆ.