ಕುಂಡದ ಸೇವಂತಿಗೆ: ಎಸೆಯದೆ ಉಳಿಸಿಕೊಂಡು ನಾಲ್ಕನೇ ಹೂ

"ಹೂ ಮುಗೀತು ಅಂದ್ರೆ ಎಸೆದುಬಿಡಿ ಸಾರ್, ಮತ್ತೆ ಬರಲ್ಲ" ಅಂತ ಮಾರುವವರೇ ಹೇಳುತ್ತಾರೆ. ಆರು ಕುಂಡದಿಂದ ಶುರುವಾದದ್ದು ಈಗ ಟೆರೇಸಿನಲ್ಲಿ ನಲವತ್ತರ ಹತ್ತಿರ ಇವೆ. ಅದಕ್ಕೂ ಮುಂಚೆ ಕೊಳೆಸಿದ್ದರ ಲೆಕ್ಕ ಹಾಕಿದರೆ ಮೂರು ಸಾವಿರ ರೂಪಾಯಿ ದಾಟುತ್ತೆ.

ದುಡ್ಡು ಹೋದದ್ದು ಮಣ್ಣಿನಿಂದ. ಕೆಂಪು ಮಣ್ಣಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಗೇ ಬೆರೆಸಿದ್ದೆ. ಅದರ ಪುಡಿ ಎರಡು ಮಳೆಗೆ ಗಾರೆ ಥರ ಕೂತು, ಜುಲೈಗೆ ಬೇರು ಕಂದಾಗಿ ನಾರತೊಡಗಿತು. ಈಗ ಕೆಂಪು ಮಣ್ಣು, ಎರಡು ನೀರಲ್ಲಿ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಒಂದೊಂದು ಪಾಲು, ಜರಡಿ ಹಿಡಿದು ಪುಡಿ ತೆಗೆದ ಎಂ-ಸ್ಯಾಂಡ್ ಅರ್ಧ ಪಾಲು. ಎಂಟಿಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ.

ಜನವರಿಯಲ್ಲಿ ಮೂರಿಂಚು ಬಿಟ್ಟು ಕತ್ತರಿಸಿ. ಹಳೆ ಕಾಂಡ ಒಣಗಿದರೆ ಒಣಗಲಿ, ಬೇಕಾದದ್ದು ಬುಡದ ಸುತ್ತ ಏಳುವ ಮರಿಗಳು. ಬೇಸಿಗೆಯಲ್ಲಿ ಕಾದ ತಾರಸಿಯ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆ ಮೇಲಿಡಿ, ಮಧ್ಯಾಹ್ನ ನೆರಳು ಕೊಡಿ. ಜೂನ್ ಶುರುವಿಗೆ ಮರಿಯ ತುದಿ ಮೂರಿಂಚು ಕತ್ತರಿಸಿ, ಕೆಳಗಿನೆಲೆ ತೆಗೆದು ನೆಟ್ಟರೆ ಹದಿನೈದು-ಇಪ್ಪತ್ತು ದಿನಕ್ಕೆ ಬೇರು.

ಎರಡನೇ ವರ್ಷ ಗಿಡ ಉದ್ದಕ್ಕೆ ಬೆಳೆದು ಬಾಗುತ್ತೆ, "ಜಾತಿ ಕೆಡ್ತು" ಅಂತಾರೆ. ಕೆಟ್ಟಿಲ್ಲ. ಕೊಂಡಾಗ ಕುಳ್ಳಗಿದ್ದದ್ದು ಬೆಳವಣಿಗೆ ತಡೆಯುವ ಔಷಧದಿಂದ; ಅದು ಇಳಿದ ಮೇಲೆ ಕಾಣುವುದೇ ಅದರ ನಿಜವಾದ ಎತ್ತರ. ಆರು ಎಲೆ ಬಂದಾಗ ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ ತುದಿ ಚಿವುಟಿ. ಆಗಸ್ಟ್ ಕೊನೆಗೆ ಕೈ ನಿಲ್ಲಿಸಿ.

ತಲೆ ಕೆಡಿಸಿದ್ದು ಬೀದಿ ದೀಪ. ಪ್ಯಾರಾಪೆಟ್ ಬಳಿಯ ಕುಂಡಗಳಲ್ಲಿ ದಟ್ಟ ಎಲೆ, ಮೊಗ್ಗಿಲ್ಲ. ಹತ್ತಡಿ ಈಚೆ, ನೀರಿನ ಟ್ಯಾಂಕಿನ ಮರೆಯಲ್ಲಿದ್ದವು ಅಕ್ಟೋಬರಿಗೇ ಮೊಗ್ಗು. ಅದೇ ಮಣ್ಣು, ಅದೇ ನೀರು. ಸೇವಂತಿಗೆಗೆ ಬೇಕಿರುವುದು ಉದ್ದದ ಕತ್ತಲು. ನಡುರಾತ್ರಿ ಬೆಳಕು ಬಿದ್ದರೆ ಅದರ ಲೆಕ್ಕಕ್ಕೆ ಅದು ಎರಡು ಗಿಡ್ಡ ರಾತ್ರಿ. ಬೆಳೆಗಾರರು ಬಲ್ಬು ಉರಿಸಿ ಬೇಕೆಂದೇ ಹೂ ತಡ ಮಾಡುವುದೂ ಹೀಗೇ. ಸೆಪ್ಟೆಂಬರಿಂದ ಎಲ್ಲವನ್ನೂ ಟ್ಯಾಂಕಿನ ಹಿಂದಕ್ಕೆ ಸಾಗಿಸುತ್ತೇನೆ; ಬೆಳಗಿನ ಬಿಸಿಲು ಅಲ್ಲಿಗೂ ಬರುತ್ತೆ.

ಮಧ್ಯೆ ಪಿಯೋನಿ ಅನ್ನುವ ಚಳಿ ದೇಶದ ಹೂವಿನ ಗೆಡ್ಡೆಗೆ ಒಂಬೈನೂರೋ ಏನೋ ಕೊಟ್ಟೆ. ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಡಿಸೆಂಬರ್ ಹದಿನೈದು ಡಿಗ್ರಿಯಲ್ಲಿ ಅದು ಎಚ್ಚರಾಗುವ ಮಾತೇ ಇಲ್ಲ. ಜರ್ಬೆರಾ ಮಾತ್ರ ಒಗ್ಗಿತು, ಆದರೆ ಅದರ ಸುಳಿ ಮಣ್ಣಿನ ಮೇಲೇ ಇರಬೇಕು, ಹೂತರೆ ಕೊಳೆತಂತೆ.

ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿ ನೂರು ಗ್ರಾಂ, ಲೀಟರ್ ನೀರಲ್ಲಿ ನಾಲ್ಕು ದಿನ ನೆನೆಸಿ, ಹತ್ತು ಪಾಲು ನೀರು ಸೇರಿಸಿ, ಹತ್ತು ದಿನಕ್ಕೊಮ್ಮೆ. ಜೊತೆಗೆ ಇನ್ನೊಂದು ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. ಮೊಗ್ಗು ಬಣ್ಣ ತೋರಿಸಿದ ಮೇಲೆ ನಿಲ್ಲಿಸಿ. ಹುಳಕ್ಕೆ ಹೊಡೆಯುವ ಬೇವಿನೆಣ್ಣೆಯೂ ಆಗ ಬೇಡ, ಎಸಳಿಗೆ ಕಲೆ ಬೀಳುತ್ತೆ. ಮೊಗ್ಗಿನ ತೊಟ್ಟಿಗೆ ಮೆತ್ತಿಕೊಳ್ಳುವ ಕಪ್ಪು ಗಿಡಹೇನನ್ನು ಒದ್ದೆ ಬೆರಳಲ್ಲಿ ಒರೆಸಿ ತೆಗೆಯಿರಿ, ದಿನ ಬಿಟ್ಟು ದಿನ.