ಬತ್ತಿದ ಹಳ್ಳದಲ್ಲಿ ಎಲೆಚೀಲ ಇಟ್ಟು ಕಂಡದ್ದು

ಹಳ್ಳದಲ್ಲಿ ಬಿದ್ದ ಎಲೆ ಎಷ್ಟು ಕೊಳೆಯುತ್ತದೆಂದು ತೂಕದಿಂದ ಅಳೆಯಲು ಹೊರಟಿದ್ದೆ. ಐದೈದು ಗ್ರಾಂ ಒಣ ಎಲೆ ತೂಗಿ ಬಲೆಚೀಲದಲ್ಲಿ ಹಾಕಿ ಹೊಲಿಯುವುದರಿಂದ ನನ್ನ ಕೆಲಸ ಶುರುವಾಯಿತು. ಆಗಷ್ಟೇ ಉದುರಿದ ಎಲೆಯನ್ನೇ ಆರಿಸಿದೆ. ಮರ ಎಲೆ ಉದುರಿಸುವ ಮೊದಲು ಅದರ ಸಾರಜನಕ, ರಂಜಕವನ್ನು ಸಾಕಷ್ಟು ವಾಪಸ್ ಎಳೆದುಕೊಂಡಿರುತ್ತದೆ. ಹಸಿರೆಲೆ ಕಿತ್ತು ಇಟ್ಟರೆ ಬೇಗ ಕೊಳೆತು ಲೆಕ್ಕ ತಪ್ಪುತ್ತದೆ.

ಚೀಲ ಎರಡು ಥರ: ಅರ್ಧ ಮಿಲಿಮೀಟರ್ ಕಣ್ಣಿನದು, 10 ಮಿಲಿಮೀಟರ್ ಕಣ್ಣಿನದು. ಸಣ್ಣ ಕಣ್ಣಿನೊಳಗೆ ಶಿಲೀಂಧ್ರ, ಬ್ಯಾಕ್ಟೀರಿಯಾ ಹೋಗುತ್ತವೆ, ಎಲೆ ಕತ್ತರಿಸಿ ತಿನ್ನುವ ಹುಳುಗಳು ಹೋಗಲಾರವು. ಹಾಗಾಗಿ ಎರಡರ ನಡುವಿನ ವ್ಯತ್ಯಾಸ ನೋಡಿದರೆ ಹುಳುಗಳ ಪಾಲು ಎಷ್ಟೆಂದು ಅಂದಾಜು ಸಿಗುತ್ತದೆ. ನೀರು ನಿಂತ ಮಡು, ಬತ್ತಿದ ಹಳ್ಳದ ಕಲ್ಲುಗಳ ಮೇಲೆ, ದಡದ ಮರದ ಬುಡ, ಹೀಗೆ ಮೂರು ಕಡೆ ಕಟ್ಟಿದೆ.

ಮೊದಲ ಸಲ ಎರಡು ತಪ್ಪು ಮಾಡಿದೆ. ಒಣ ಎಲೆ ಪುಡಿಯಾಗಿ ದಾರಿಯಲ್ಲೇ ಚೀಲದಿಂದ ಉದುರಿತ್ತು, ಅದನ್ನೂ ಕೊಳೆತ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಈಗ ಕೆಲವು ಚೀಲಗಳನ್ನು ಹಳ್ಳದವರೆಗೆ ಒಯ್ದು, ಅಲ್ಲಿ ಇಡದೆ ವಾಪಸ್ ತಂದು ತೂಗುತ್ತೇನೆ. ಇನ್ನೊಂದು ತಪ್ಪು ಕೆಸರಿನದು. ಎಷ್ಟು ತೊಳೆದರೂ ನುಣ್ಣನೆ ಮಣ್ಣು ಎಲೆಯ ನರಗಳ ಸಂದಿಯಲ್ಲಿ ಉಳಿದು ತೂಕ ಜಾಸ್ತಿ ತೋರಿಸುತ್ತದೆ. ಅದಕ್ಕೆ ಒಣಗಿಸಿ ತೂಗಿದ ಮೇಲೆ ಸ್ವಲ್ಪ ಭಾಗವನ್ನು 500 ಡಿಗ್ರಿಯಲ್ಲಿ ಸುಟ್ಟು, ಉಳಿದ ಬೂದಿಯ ಪ್ರಮಾಣ ನೋಡಿ, ಅದಕ್ಕೆ ತಕ್ಕಷ್ಟನ್ನು ಒಟ್ಟು ತೂಕದಿಂದ ಕಳೆಯಬೇಕು. ಈ ಹಂತ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಮಡುವಿನ ಎಲೆಗಳು ಮೆತ್ತಗಾಗಿ, ಲೋಳೆ ಹಿಡಿದು, ಕೊನೆಗೆ ನರಗಳ ಜಾಲರಿ ಮಾತ್ರ ಉಳಿಯಿತು. ದೊಡ್ಡ ಕಣ್ಣಿನ ಚೀಲದಲ್ಲಿ ಕ್ಯಾಡಿಸ್ ಎಂಬ ಕೀಟದ ನೀರಲ್ಲಿ ಬೆಳೆಯುವ ಮರಿಯೊಂದು ಎಲೆಯ ಚೂರುಗಳನ್ನೇ ಅಂಟಿಸಿ ಮನೆ ಕಟ್ಟಿಕೊಂಡು ಕೂತಿತ್ತು. ಬತ್ತಿದ ಕಡೆಯ ಎಲೆಗಳು ಮಾತ್ರ ಬಿಸಿಲಿಗೆ ಬಣ್ಣಗೆಟ್ಟು ಗರಿಗರಿಯಾಗಿದ್ದವು, ಅಷ್ಟೇ. "ಏನೂ ಆಗಿಲ್ಲ" ಎಂದು ಪುಸ್ತಕದಲ್ಲಿ ಬರೆದೆ.

ಅದು ಅವಸರದ ಮಾತಾಗಿತ್ತು. ಒಂದು ಹಿಡಿ ಅದೇ ಎಲೆಯನ್ನು ಗಾಜಿನ ಜಾಡಿಯಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು! ಬೇಸಿಗೆಯಲ್ಲಿ ಎಲೆ ಕೊಳೆಯದೆ ರಾಶಿಬಿದ್ದಿರುತ್ತದೆ. ಮೊದಲ ನೀರು ಬಂದಾಗ ಅದರ ಸಾರವೆಲ್ಲ ಒಟ್ಟಿಗೇ ಬಿಡುತ್ತದೆ, ಸೂಕ್ಷ್ಮಜೀವಿಗಳು ಒಮ್ಮೆಲೇ ಮುಗಿಬೀಳುತ್ತವೆ, ನೀರಿನ ಆಮ್ಲಜನಕ ಸರ್ರನೆ ಇಳಿಯುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಲೋಕದ ಬೇರೆ ಬೇರೆ ಕಡೆಯ 212 ಬತ್ತಿದ ಹೊಳೆ-ಹಳ್ಳಗಳಿಂದ ತರಗೆಲೆ ತಂದು ನೆನೆಸಿದ್ದರು. ಅವರಿಗೂ ಇದೇ ಕಂಡಿತು, ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಒಮ್ಮೆಗೇ ಹೊರಬರುತ್ತದೆಂದು ಲೆಕ್ಕ ಹಾಕಿದರು.

ಹರಿವು ಶುರುವಾದ ಮೇಲೆ ಕಲ್ಲಿನ ಸಂದಿಯ ನೊರೆ ತೆಗೆದು ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ನಾಲ್ಕು ತೋಳಿನ, ಪುಟ್ಟ ನಕ್ಷತ್ರದಂಥ ಬೀಜಕಗಳು ಕಂಡವು. ನೀರಿನಲ್ಲಿ ಎಲೆ ಕೊಳೆಸುವ ಶಿಲೀಂಧ್ರಗಳವು. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಶಿಲೀಂಧ್ರ ವಿಜ್ಞಾನಿ ಇಂಗೋಲ್ಡ್ 1942ರಲ್ಲಿ ಇವುಗಳ ಬಗ್ಗೆ ಬರೆದಿದ್ದರು. ಇಷ್ಟು ಚೆಂದದ ಆಕಾರ ಬೇರೆಲ್ಲೂ ನೋಡಿರಲಿಲ್ಲ.

ಈಗ ಬತ್ತಿದ ಕಡೆಯ ಚೀಲಗಳಲ್ಲಿ ಅರ್ಧವನ್ನು ನೀರು ಬರುವ ಮುಂಚೆಯೇ ತೆಗೆಯುತ್ತೇನೆ. ಉಳಿದರ್ಧ ಎರಡು ದಿನ ನೆನೆಯಲು ಬಿಡುತ್ತೇನೆ.